ರಾತ್ರಿ ಲೆಕ್ಕ ಬರೆದು ಮಲಗಿ

ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಅಂಗಡಿ ತೆರೆದ ತಮ್ಮಂದಿರೇ, ತಂಗಿಯರೇ,

ನಿಮ್ಮ ಅಂಗಡಿಗಳ ಬೋರ್ಡು, ದೀಪ, ಗಾಜಿನ ಕಪಾಟು ನೋಡಿ ಸಂತೋಷವಾಗುತ್ತದೆ. ಸಾಲ ತಂದು, ಮನೆಯ ಬಂಗಾರ ಅಡವಿಟ್ಟು ಹಾಕಿದ ಬಂಡವಾಳ ಅದು. ಅದು ಮುಳುಗಬಾರದೆಂಬ ಕಾಳಜಿಯಿಂದ ಬರೆಯುತ್ತಿದ್ದೇನೆ.

ಅಂಗಡಿ ಹೇಗೆ ಉಳಿಯುತ್ತದೆಂದು ನೋಡಲು ಬಿಡುವಾದಾಗ ಧಾರವಾಡದ ಲೈನ್ ಬಜಾರಿಗೆ ಹೋಗಿ ಬನ್ನಿ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಲೇಗಿಗೆ ಅಂಜಿ ಈಗಿನ ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನ ಹೊಟ್ಟೆಪಾಡಿಗಾಗಿ ಇಲ್ಲಿ ಪೇಢೆ ಮಾಡತೊಡಗಿತು. ರಾಮರತನ್ ಸಿಂಗ್ ಠಾಕೂರ್ ಹಿಡಿದ ಕೆಲಸವನ್ನು ಮೊಮ್ಮಗ ಬಾಬುಸಿಂಗ್ ಠಾಕೂರ್ ಬೆಳೆಸಿದರು. ಪೇಢೆಗೆ ಬೇಕಾದದ್ದು ಹಾಲು ಮತ್ತು ಸಕ್ಕರೆ. ಉಳಿದದ್ದೆಲ್ಲ ದುಡಿಮೆ. ಖವಾ ಕಂದುಬಣ್ಣಕ್ಕೆ ತಿರುಗುವ ತನಕ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಬೇಕು, ಮೈಮರೆತರೆ ತಳ ಹಿಡಿಯುತ್ತದೆ. ನಿನ್ನೆ ಬಂದ ಹದ ಇವತ್ತೂ ಬರಬೇಕು, ನಾಳೆಯೂ ಬರಬೇಕು. ಧಾರವಾಡ ಪೇಢೆಗೆ ಈಗ ಜಿಐ ಮಾನ್ಯತೆಯೂ ಇದೆ. ಆದರೆ ಆ ಮಾನ್ಯತೆ ಬರುವುದಕ್ಕೆ ಎಷ್ಟೋ ಮೊದಲೇ ಜನ ಸಾಲು ನಿಂತು ಕೊಳ್ಳುತ್ತಿದ್ದರು. ಊರಿಗೆ ಒಯ್ದು ಕೊಟ್ಟವರ ಮರ್ಯಾದೆಯನ್ನು ಆ ರುಚಿ ಒಮ್ಮೆಯೂ ಕೆಡಿಸದಿದ್ದದ್ದೇ ಅದಕ್ಕೆ ಕಾರಣ.

ಹದ ಕಾಯುವುದು ಮುಖ್ಯವೆಂದ ಮಾತ್ರಕ್ಕೆ ಬೆಳೆಯಬೇಡಿ ಎನ್ನುತ್ತಿಲ್ಲ. ಇದೇ ಊರಿನಲ್ಲಿ 1933ರಲ್ಲಿ ಅವಧ್ ಬಿಹಾರಿ ಮಿಶ್ರಾ ಶುರುಮಾಡಿದ ಪೇಢೆ ವ್ಯಾಪಾರ ಊರೂರಿಗೆ ಹಬ್ಬಿದೆ. ಶಾಖೆ ಒಂದಿರಲಿ, ನೂರಿರಲಿ, ಗಿರಾಕಿ ಕೇಳುವುದು ಹೋದ ಸಲ ಸಿಕ್ಕ ರುಚಿಯನ್ನೇ.

ನಿಮ್ಮದು ಕಿರಾಣಿಯಿರಲಿ, ಗಿರಮಿಟ್ಟಿನ ಗಾಡಿಯಿರಲಿ, ಮೊದಲು ಬಾಗಿಲು ತೆರೆಯುವ ಹೊತ್ತು ತಪ್ಪಿಸಬೇಡಿ. ಕಲಘಟಗಿ, ಕುಂದಗೋಳ, ನವಲಗುಂದದಿಂದ ಸಂತೆಗೆ ಬಂದವರಿಗೆ ತಿರುಗಿ ಹೋಗುವ ಬಸ್ಸಿನ ಚಿಂತೆ. ಎರಡು ಸಲ ನಿಮ್ಮ ಶಟರ್ ಮುಚ್ಚಿದ್ದನ್ನು ಕಂಡರೆ ಮೂರನೆಯ ಸಲ ಪಕ್ಕದ ಅಂಗಡಿಯನ್ನೇ ಹತ್ತುತ್ತಾರೆ.

ಇನ್ನು ಕಿರ್ದಿ. ದೀಪಾವಳಿಗೆ ಹೊಸ ಖಾತೆ ಪುಸ್ತಕಕ್ಕೆ ಕುಂಕುಮವಿಟ್ಟು ಪೂಜಿಸಿ, ತಿಂಗಳೊಳಗೆ ಅದರಲ್ಲಿ ಬರೆಯುವುದನ್ನೇ ಬಿಟ್ಟವರು ಎಷ್ಟು ಮಂದಿ! ಫೋನಿಗೆ ಬಂದ ಹಣವನ್ನು ಫೋನು ನೆನಪಿಡುತ್ತದೆ. ಕೊಟ್ಟ ಉದ್ರಿ, ಹಮಾಲಿ, ಕೆಟ್ಟುಹೋದ ಮಾಲು ಇವನ್ನು ನೀವೇ ಬರೆಯಬೇಕು, ಅದೂ ಅದೇ ರಾತ್ರಿ. ವಾರದ ಮೇಲೆ ಬರೆಯಲು ಕೂತರೆ ನೆನಪು ಕೈಕೊಡುತ್ತದೆ, ಉದ್ರಿ ಕೇಳಲು ಹೋದಾಗ ಜಗಳವಾಗುತ್ತದೆ.

ಗಲ್ಲಾಪೆಟ್ಟಿಗೆಯ ರೊಕ್ಕ ಮನೆಯ ರೊಕ್ಕವಲ್ಲ. ತಿಂಗಳಿಗೆ ಇಷ್ಟೆಂದು ಮನೆಗೆ ಒಯ್ಯಿರಿ. ಕೈಗೆ ಬಂದಾಗಲೆಲ್ಲ ತೆಗೆದರೆ, ವ್ಯಾಪಾರ ಚೆನ್ನಾಗಿದ್ದೂ ಮಾಲು ತರುವ ದಿನ ಕೈ ಖಾಲಿಯಾಗಿರುತ್ತದೆ. ಲಾಭ ಎಲ್ಲಿ ಹೋಯಿತೆಂದು ಗೊತ್ತಾಗುವುದೇ ಇಲ್ಲ.

ಈ ಮೂರು ರೂಢಿಗಳಿಗೆ ಬಂಡವಾಳ ಬೇಡ, ದಿನಾ ಮಾಡುವ ಮನಸ್ಸು ಬೇಕು. ದೊಡ್ಡ ಯೋಜನೆ ಮುಂದಿನ ವರ್ಷಕ್ಕಿರಲಿ. ಇವತ್ತು ಶಟರ್ ಎಳೆಯುವ ಮುನ್ನ ಹತ್ತು ನಿಮಿಷ ಕೂತು ಲೆಕ್ಕ ಬರೆಯಿರಿ, ನಾಳೆಯೂ ತಪ್ಪಿಸಬೇಡಿ.

ನಿಮ್ಮ ಏಳಿಗೆ ಬಯಸುವ,
ಧಾರವಾಡದ ಒಬ್ಬ ಗಿರಾಕಿ