ಅಲೆದವನೊಬ್ಬ, ಬರೆದವನೊಬ್ಬ

ಒಮಾನಿನ ಅಲ್ ಮಬೇಲಾದಲ್ಲಿ ಗಿಡಗಳೆಂದರೆ ಎರಡೇ ಜಾತಿ. ಪೈಪಿನ ನೀರು ಕುಡಿದು ರಸ್ತೆಬದಿಯಲ್ಲಿ ಬೆಳೆಯುವವು ಒಂದು, ಯಾರ ಹಂಗೂ ಇಲ್ಲದೆ ಕಲ್ಲುನೆಲದಲ್ಲಿ ಬದುಕುವವು ಇನ್ನೊಂದು. ಈ ಎರಡನೆಯವು ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳಾಚೆ, ಮಳೆ ಬಂದರಷ್ಟೇ ಹರಿಯುವ ವಾದಿಗಳ ಅಂಚಿನಲ್ಲಿರುತ್ತವೆ. ಸಂಜೆ ವಾಕಿಂಗ್ ಹೊರಟ ನಾವು ಕನ್ನಡಿಗರು ಅವಕ್ಕೆಲ್ಲ "ಎಂಥದೋ ಮುಳ್ಳು" ಎಂದು ಸಾಮೂಹಿಕ ನಾಮಕರಣ ಮಾಡಿ, ವಿಮಾನದ ಟಿಕೆಟ್ ದರಕ್ಕೋ ಊರಿನ ಅಡಿಕೆ ಧಾರಣೆಗೋ ಮಾತು ಹೊರಳಿಸುತ್ತೇವೆ.

ನಿವೃತ್ತಿ ಹತ್ತಿರವಾದಂತೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರಿಗೆ ಗೀತಾ ಪಾರಾಯಣ, ಕೆಲವರಿಗೆ ಷೇರುಪೇಟೆ. ನನಗೆ ಎಂಥದೋ ಮುಳ್ಳಿನ ನಿಜನಾಮ ತಿಳಿಯುವ ಹುಚ್ಚು ಹಿಡಿಯಿತು. "ಮುಳ್ಳಿನ ಹೆಸರು ಗೊತ್ತಾದರೆ ಚುಚ್ಚುವುದು ಬಿಡುತ್ತದೆಯೇ?" ಎಂದು ಮನೆಯವಳು ಕೇಳಿದಳು. ಉತ್ತರವಿರಲಿಲ್ಲ, ಪುಸ್ತಕ ತೆರೆದೆ. ಓಕ್ರಡೆನಸ್ ಓಶೆರಿ, ಗೈಲೋನಿಯಾ ಓಶೆರಿ, ಕ್ಯಾರಲ್ಲೂಮಾ ಓಶೆರಿಯಾನಾ. ಕೊನೆಯದರ ದಾಯಾದಿಗಳು ನಮ್ಮ ಬಯಲುಸೀಮೆಯ ಬಂಡೆಗಳ ನಡುವೆಯೂ ಇದ್ದಾರೆ. ಅದು ಸರಿ, ಇಷ್ಟೊಂದು ಗಿಡಗಳ ಮೈಮೇಲೆ ಬಂದಿರುವ ಈ ಓಶೆ ಯಾರು?

ಪಿಯೆರ್ ಮಾರ್ಟಿನ್ ರೆಮಿ ಓಶೆ-ಎಲ್ವಾ, 1792ರಲ್ಲಿ ಫ್ರಾನ್ಸಿನ ಬ್ಲುವಾ ಎಂಬ ಊರಿನಲ್ಲಿ ಹುಟ್ಟಿದವನು. ಕಲಿತದ್ದು ಔಷಧ ತಯಾರಿಸುವ ವಿದ್ಯೆ. ಮದ್ದು ಅರೆದು ಪೊಟ್ಟಣ ಕಟ್ಟುತ್ತ ತಣ್ಣಗಿರಬಹುದಾಗಿದ್ದ ಮನುಷ್ಯ 1830ರಲ್ಲಿ ಪೂರ್ವಕ್ಕೆ ಹೊರಟುಬಿಟ್ಟ. ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ನೆಲೆ, ಅಲ್ಲಿಂದ ಈಜಿಪ್ಟ್, ಸಿರಿಯಾ, ಪರ್ಷಿಯಾ ಎಂದು ಅಲೆದಾಟ. 1838ರಲ್ಲಿ ಮಸ್ಕತ್ತಿಗೆ ಬಂದು ಜಬಲ್ ಅಖ್ದರ್ ಪರ್ವತದಲ್ಲೂ ಗಿಡ ಕಿತ್ತ. ಇಂದು ಆ ಬೆಟ್ಟ ಹತ್ತಲು ಫೋರ್ ವೀಲ್ ಡ್ರೈವ್ ವಾಹನವೇ ಬೇಕು. ಸಾದಾ ಕಾರಿನವರನ್ನು ಬಿರ್ಕತ್ ಅಲ್ ಮೌಜ್ ಕಡೆಯ ಚೆಕ್‌ಪೋಸ್ಟಿನಲ್ಲೇ ಪೊಲೀಸರು ತಿರುಗಿಸಿ ಕಳಿಸುತ್ತಾರೆ. ಓಶೆಯ ಕಾಲಕ್ಕೆ ಚೆಕ್‌ಪೋಸ್ಟ್ ಇರಲಿಲ್ಲ, ರಸ್ತೆಯೂ ಇರಲಿಲ್ಲ.

ಗಿಡ ಕೀಳುವುದೇನೋ ಸುಲಭ. ಅದನ್ನು ಕಾಗದದ ನಡುವೆ ಒತ್ತಿ, ಬೆವರೂ ಬೂಷ್ಟೂ ಹುಳುವೂ ತಾಗದಂತೆ ಒಣಗಿಸಿ, ಕಟ್ಟು ಕಟ್ಟಿ ಕಡಲು ದಾಟಿಸಬೇಕು. ಹಪ್ಪಳ ಒಣಗಿಸುವ ನಮ್ಮ ಅಜ್ಜಿಯಂದಿರಿಗೆ ಈ ಕಷ್ಟ ಅರ್ಥವಾದೀತು. ಆದರೆ ಅವರು ಹಪ್ಪಳ ಹೊತ್ತು ಪರ್ಷಿಯಾಕ್ಕೆ ಹೋಗಬೇಕಿರಲಿಲ್ಲ. ಓಶೆ ಹೋದ. ಅದೇ 1838ರ ಅಕ್ಟೋಬರಿನಲ್ಲಿ, 46ನೇ ವಯಸ್ಸಿನಲ್ಲಿ, ಇಸ್ಫಹಾನದ ಬಳಿ ತೀರಿಕೊಂಡ. ಅವನ ಪ್ರವಾಸದ ಟಿಪ್ಪಣಿಗಳನ್ನು ಜೋಬೆರ್ ಎಂಬ ಶ್ರೀಮಂತ ಸಸ್ಯಪ್ರೇಮಿ 1843ರಲ್ಲಿ ಪುಸ್ತಕವಾಗಿ ತಂದ. ಬರೆದವನು ಅಚ್ಚಿನ ಪ್ರತಿಯನ್ನು ಕಾಣಲೇ ಇಲ್ಲ.

ಒಣಗಿದ ಗಿಡಗಳು ಮಾತ್ರ ಯೂರೋಪಿನಲ್ಲಿ ಹೊಸ ಜೀವನ ಶುರುಮಾಡಿದವು. ಜಿನೀವಾದ ಎಡ್ಮಂಡ್ ಬ್ವಾಸಿಯೆ 1867ರಿಂದ 'ಫ್ಲೋರಾ ಓರಿಯೆಂಟಾಲಿಸ್' ಎಂಬ ಬೃಹತ್ ಗ್ರಂಥ ಹೊರತಂದಾಗ ಅದರ ಪುಟಪುಟದಲ್ಲೂ ಓಶೆಯ ಕಟ್ಟುಗಳು ಸಾಕ್ಷಿ ಹೇಳಿದವು. ಬ್ವಾಸಿಯೆ ತಾನೂ ಅಲೆದವನೇ, ಒಮಾನಿಗೆ ಮಾತ್ರ ಬಂದವನಲ್ಲ. ಇಲ್ಲೇ ಸಸ್ಯಶಾಸ್ತ್ರದ ನ್ಯಾಯ ನನಗೆ ಹಿಡಿಸುವುದು. ಓಕ್ರಡೆನಸ್ ಓಶೆರಿಯನ್ನು ಶಾಸ್ತ್ರೋಕ್ತವಾಗಿ ಬರೆಯುವಾಗ ಕೊನೆಯಲ್ಲಿ 'ಬ್ವಾಸ್.' ಎಂದು ಸೇರಿಸಬೇಕು. ಮೇಜಿನ ಮುಂದೆ ಕೂತು ವರ್ಣಿಸಿದವನಿಗೆ ಬಾಲದಲ್ಲೊಂದು ತುಂಡು ಸಹಿ. ಬಿಸಿಲಿಗೆ ಸುಟ್ಟುಕೊಂಡವನಿಗೆ ಗಿಡದ ಹೆಸರಿನಲ್ಲೇ ಪಾಲು.

ಗಲ್ಫಿನಲ್ಲಿ ದುಡಿದವರಿಗೆ ಈ ಏರ್ಪಾಡು ಎಷ್ಟು ಅಪರೂಪದ್ದೆಂದು ಬೇರೆ ಹೇಳಬೇಕಿಲ್ಲ. ಸೈಟಿನಲ್ಲಿ ನಿಂತವನೊಬ್ಬ, ಡ್ರಾಯಿಂಗಿಗೆ ಸಹಿ ಹಾಕಿದವನೊಬ್ಬ, ರಿಬ್ಬನ್ ಕತ್ತರಿಸುವಾಗ ಫೋಟೋದಲ್ಲಿ ಬಂದವನು ಮತ್ತೊಬ್ಬ. ಬಿಸಿಲಲ್ಲಿ ನಿಂತು ಸೇತುವೆ ಕಟ್ಟಿಸಿದ ಕರಾವಳಿಯ ಮೇಸ್ತ್ರಿಗಳು ಇಲ್ಲಿ ಬೇಕಾದಷ್ಟಿದ್ದಾರೆ. ಒಂದು ಫ್ಲೈಓವರಿಗಾದರೂ 'ಶೆಟ್ಟಿಯಾನಾ' ಎಂದು ಹೆಸರಿಟ್ಟವರನ್ನು ನಾನಂತೂ ಕಂಡಿಲ್ಲ.