ಮೂಗು ತೂರಿಸೋದಕ್ಕೂ ಜಾಗ ಅಂತಿದೆ

ನಮ್ಮ ವಿಜಯಪುರಕ್ಕೆ ನಂದಿಬೆಟ್ಟ ಅಷ್ಟು ಹತ್ತಿರ ಇರಬಾರದಿತ್ತು. ಭಾನುವಾರ ಬೆಳಕು ಹರಿಯೋ ಮುಂಚೆ ಬೆಂಗಳೂರಿನ ಬೈಕುಗಳು ದೇವನಹಳ್ಳಿ ದಾಟಿ ಬೆಟ್ಟದ ಕಡೆ ಗುಡುಗಿಕೊಂಡು ಹೋಗುತ್ತವೆ, ಇಲ್ಲಿನ ಹುಡುಗರಿಗೆ ಕೂತಲ್ಲಿ ಕೂರಲಾಗೋದಿಲ್ಲ. ಮೊದಲು ಸೈಲೆನ್ಸರ್ ಬದಲಾಯಿತು, ಆಮೇಲೆ ಏರ್ ಫಿಲ್ಟರ್. ಈಗ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರಿನ ಸರದಿ. ಹ್ಯಾಂಡಲ್ ಮೇಲೆ ದುಂಡನೆಯ ಮೀಟರು, ಅದರಲ್ಲಿ ಕುಣಿಯೋ ಕೆಂಪು ಅಂಕಿ. ರೇಷ್ಮೆಗೂಡಿನ ರೇಟು ಬಿತ್ತಲ್ಲ ಅಂತ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ಪಕ್ಕದಲ್ಲೇ ಮಗ 14.7 ಬರ್ತಿಲ್ಲವಲ್ಲ ಅಂತ ಕೂತಿರುತ್ತಾನೆ.

ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯೋಕೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಆ ಅಂಕಿಯ ಲೆಕ್ಕ ಇದು. ಬೈಕಿನ ಜೊತೆ ಕಂಪನಿಯಿಂದಲೇ ಬರೋ ಮಾಮೂಲಿ ಸೆನ್ಸರು ಆ ಗೆರೆಯ ಆಚೆ ಇದ್ದೀಯೋ ಈಚೆ ಇದ್ದೀಯೋ ಅಂತಷ್ಟೇ ಹೇಳುತ್ತೆ. ಎಷ್ಟು ಆಚೆ, ಎಷ್ಟು ಈಚೆ ಅಂತ ಚಾಡಿ ಹೇಳೋದು ವೈಡ್‌ಬ್ಯಾಂಡು.

ಗ್ಯಾರೇಜಿನ ಅಣ್ಣನಿಗೆ ಈ ಚಾಡಿಕೋರನನ್ನು ಕಂಡರೆ ಆಗದು. ಅವರದು ಹಳೇ ಪದ್ಧತಿ. ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಮಸಿ ಕಟ್ಟಿದೆ ಕಣಪ್ಪ, ಪೆಟ್ರೋಲು ಜಾಸ್ತಿ ಕುಡೀತಿದೆ" ಅಂದರೆ ತೀರ್ಪು ಮುಗಿಯಿತು, ಮೇಲ್ಮನವಿ ಇಲ್ಲ. ಹುಡುಗನೋ "ಅಣ್ಣಾ, ಇದು ಬಾಷ್ ಸೆನ್ಸರು" ಅಂತ ಎದೆ ಉಬ್ಬಿಸುತ್ತಾನೆ. ಅಣ್ಣನ ಕೈಲಿರೋ ಪ್ಲಗ್ ಯಾರದು ಮತ್ತೆ? ಮೈಕೋದು. 1951ರಲ್ಲಿ ಶುರುವಾದ ಆ ಮೈಕೋ, ಆಡುಗೋಡಿಯ ಮೈಕೋ, 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡಿತು. ವಾಹನಕ್ಕೆ ಆಕ್ಸಿಜನ್ ಸೆನ್ಸರ್ ಹಾಕಿ 1976ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದೂ ಅದೇ ಬಾಷ್ ಮನೆತನ. ಒಂದೇ ಮನೆ ದೇವರ ಎರಡು ಒಕ್ಕಲು ನಮ್ಮೂರ ಗ್ಯಾರೇಜಿನಲ್ಲಿ ಬಡಿದಾಡೋದನ್ನು ನೋಡೋಕೆ ಟೀ ಸಮೇತ ಕೂರಬೇಕು.

ಹುಡುಗನ ತಪ್ಪು ಸೆನ್ಸರ್ ಕೊಂಡದ್ದರಲ್ಲಿ ಇಲ್ಲ, ಅದನ್ನು ಸಿಕ್ಕಿಸಿದ ಜಾಗದಲ್ಲಿದೆ. ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗೋ ಬೆಂಡ್ ಪೈಪಿಗೆ ತೂತು ಕೊರೆಯೋಕೆ ಮನಸ್ಸು ಬರಲಿಲ್ಲ. ಹೊಳೆಯೋ ಪೈಪು, ಪಾಪ. ಅದಕ್ಕೆ ಸೈಲೆನ್ಸರಿನ ಬಾಲಕ್ಕೆ ಕ್ಲ್ಯಾಂಪ್ ಹಾಕಿ ಅಲ್ಲೇ ಮೂಗು ತೂರಿಸಿದ. ಅಲ್ಲಿ ಆಗೋದೇನು? ಹೊಗೆ ಒಂದೇ ಸಮ ಹೊರಗೆ ಹರಿಯೋದಿಲ್ಲ, ಬಿಟ್ಟು ಬಿಟ್ಟು ಬರುತ್ತೆ. ಐಡ್ಲಿಂಗಿನಲ್ಲಿ ಎರಡು ಹೊಡೆತದ ನಡುವೆ ಹೊರಗಿನ ಗಾಳಿ ಬಾಲದೊಳಕ್ಕೆ ನುಗ್ಗುತ್ತೆ. ಸೆನ್ಸರು ವಿಜಯಪುರದ ಗಾಳಿ ಮೂಸಿ "ಗಾಳಿ ಜಾಸ್ತಿ" ಅನ್ನುತ್ತೆ. ಹುಡುಗ ಅದನ್ನು ನಂಬಿ ಲ್ಯಾಪ್‌ಟಾಪಿನಲ್ಲಿ ಇನ್ನಷ್ಟು ಪೆಟ್ರೋಲು ಸುರಿಯುತ್ತಾನೆ. ಮೀಟರಿನಲ್ಲಿ ಬರ, ಪ್ಲಗ್ಗಿನಲ್ಲಿ ಮಸಿ!

ಅಣ್ಣ ಹೇಳಿದ್ದು ಆಗಲೇ. "ಗೂಡಿನ ಮಾರ್ಕೆಟ್ಟಲ್ಲಿ ರೀಲರು ಮೇಲ್ಮೇಲಿನ ಗೂಡು ನೋಡಿ ಹರಾಜು ಕೂಗ್ತಾನೇನಪ್ಪ? ಒಳಕ್ಕೆ ಕೈ ಹಾಕಿ ತಳದ್ದು ತೆಗೆದು ನೋಡ್ತಾನೆ. ನೀನೂ ಒಳಗಿಂದು ನೋಡು."

ಒಳಗೆ ಅಂದರೆ ಎಲ್ಲಿ? ಹೆಡ್ಡಿಗೆ ಅಂಟಿಸಿದರೆ ಅತಿ ಶಾಖ, ಸೆನ್ಸರಿನ ಆಯಸ್ಸು ಕಡಿಮೆ. ಎಕ್ಸಾಸ್ಟ್ ಪೋರ್ಟಿನಿಂದ ಸುಮಾರು ಒಂದೂವರೆ ಎರಡು ಅಡಿ ದೂರ, ಕ್ಯಾಟಲಿಟಿಕ್ ಕನ್ವರ್ಟರಿಗೆ ಮುಂಚೆ: ಇದು ಒಳ್ಳೇ ಜಾಗ. ಕನ್ವರ್ಟರು ದಾಟಿದ ಮೇಲೆ ಮೂಸಿದರೆ ಸ್ನಾನ ಮಾಡಿ ಬಂದ ಹೊಗೆ, ನಿಜ ಹೇಳದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಬೈಕುಗಳಲ್ಲಿ ಕನ್ವರ್ಟರು ಬೆಂಡ್ ಪೈಪಿನಲ್ಲೇ ಕೂತಿದ್ದರೆ ಗೇಣುದ್ದ ಜಾಗಕ್ಕೂ ತತ್ವಾರ, ಇದ್ದಷ್ಟರಲ್ಲೇ ಹೊಂದಿಸಬೇಕು. ಜಾಗ ಸಾಲದು ಅಂತ ಕನ್ವರ್ಟರನ್ನೇ ಕಿತ್ತೆಸೆಯೋ ಶೂರರಿದ್ದಾರೆ. ಅವರಿಗೆ ನನ್ನ ನಮಸ್ಕಾರ, ಎಮಿಷನ್ ಟೆಸ್ಟಿನವರ ನಮಸ್ಕಾರ ಬೇರೆ. ಟರ್ಬೊ ಇರೋ ಕಾರಾದರೆ ಟರ್ಬೊ ದಾಟಿದ ಮೇಲೆ ಹಾಕಬೇಕು, ಮುಂಚೆ ಹಾಕಿದರೆ ಒತ್ತಡಕ್ಕೆ ಲೆಕ್ಕ ತಪ್ಪುತ್ತೆ. ಎರಡು ಸಿಲಿಂಡರಿದ್ದರೆ ಎರಡೂ ಪೈಪು ಕೂಡಿದ ಮೇಲೆ.

ಇನ್ನು ವಾಲು. ಪೈಪನ್ನು ಗಡಿಯಾರದ ಮುಖ ಅಂದುಕೊಂಡರೆ ಹತ್ತು ಗಂಟೆಯಿಂದ ಎರಡು ಗಂಟೆಯೊಳಗೆ ಸೆನ್ಸರು ನಿಲ್ಲಬೇಕು, ತುದಿ ಕೆಳಮುಖ. ಚಂದ ಕಾಣಲಿ ಅಂತ ಪೈಪಿನ ಹೊಟ್ಟೆಯಡಿ ಬಚ್ಚಿಟ್ಟರೆ ಕೆಲಸ ಕೆಟ್ಟಿತು. ಇಂಜಿನ್ ತಣ್ಣಗಿದ್ದಾಗ ಪೈಪಿನೊಳಗೆ ನೀರು ಹನಿಯುತ್ತೆ, ನಮ್ಮ ಕಡೆ ಡಿಸೆಂಬರಿನ ಬೆಳಗಿನಲ್ಲಿ ಕೇಳಲೇಬೇಡಿ. ಸೆನ್ಸರಿನ ಒಳಗಿನ ಪಿಂಗಾಣಿ ತುಂಡು ಹೀಟರಿನಿಂದ ಸುಮಾರು 780 ಡಿಗ್ರಿ ಸೆಲ್ಸಿಯಸ್ ಕಾದಿರುತ್ತೆ. ಒಂದು ಹನಿ ಬಿದ್ದರೆ ಸಾಕು, ಬಿರುಕು. ಹಾಗಂತ ವೈರ್ ಕಿತ್ತು ಸೆನ್ಸರನ್ನು ಪೈಪಿನಲ್ಲೇ ಬಿಟ್ಟು ಊರು ಸುತ್ತಬೇಡಿ, ಹೀಟರ್ ಇಲ್ಲದೆ ಮಸಿ ಮೆತ್ತಿಕೊಂಡು ಸಾಯುತ್ತೆ.

ಪೆಟ್ರೋಲಿಗೂ ಈಗ ಎಥನಾಲ್ ಬೆರೆತಿದೆ. 20 ಪರ್ಸೆಂಟ್ ಬೆರೆತದ್ದಕ್ಕೆ 13.5ರ ಆಸುಪಾಸು ಗಾಳಿ ಸಾಕು. ಹಾಗಾಗಿ 14.7 ಅಂತ ಜಪ ಮಾಡೋದು ಬಿಟ್ಟು ಮೀಟರನ್ನು ಲ್ಯಾಂಬ್ಡಾಕ್ಕೆ, ಅಂದರೆ ಬೇಕಾದ ಗಾಳಿಗೆ ಇರೋ ಗಾಳಿಯ ಅನುಪಾತಕ್ಕೆ, ತಿರುಗಿಸಿ, ಯಾವ ಪೆಟ್ರೋಲಾದರೂ ಅಲ್ಲಿ ಸರಿಯಾದ ಲೆಕ್ಕ 1.

ಕೊನೆಗೆ ನಮ್ಮ ಹುಡುಗ ಲೇತ್ ಅಂಗಡಿಯಲ್ಲಿ 18 ಎಂಎಂ, 1.5 ಪಿಚ್ಚಿನ ಸ್ಟೀಲ್ ನಟ್ ಮಾಡಿಸಿ, ಬೆಂಡ್ ಪೈಪಿಗೆ ವೆಲ್ಡ್ ಹಾಕಿಸಿದ. ಆಗಲೂ ಮೀಟರು "ಗಾಳಿ ಜಾಸ್ತಿ" ಅಂತಲೇ ಹಟ ಹಿಡಿಯಿತು. ಅಣ್ಣ ಹೆಡ್ಡಿನ ಬಳಿ ಬಗ್ಗಿ, ಪೈಪು ಕೂಡೋ ಜಾಗದಲ್ಲಿ ಕಪ್ಪು ಗೀರು ತೋರಿಸಿದರು. ಗ್ಯಾಸ್ಕೆಟ್ ಸೀಳಿತ್ತು, ಅಲ್ಲಿಂದ ಗಾಳಿ ಒಳಗೆ ಬರುತ್ತಿತ್ತು. ಸೆನ್ಸರ್ ತರಿಸೋ ಯೋಚನೆ ಇರೋರು ಮೊದಲು ಆ ಗ್ಯಾಸ್ಕೆಟ್ ಬದಲಾಯಿಸಿ. ಅದಕ್ಕೆ ಸಿಲಿಕೋನ್ ಪೇಸ್ಟ್ ಮಾತ್ರ ಬಳಿಯಬೇಡಿ, ಅದರ ಹೊಗೆ ಸೆನ್ಸರಿಗೆ ವಿಷ.