ನಾಲ್ಕು ಗಂಟೆಯ ಅಪ್ಪಾಜಿ

ಚಿತ್ತವಾಡ್ಗಿಯಿಂದ ಟಿ.ಬಿ. ಡ್ಯಾಂವರೆಗೆ ಹೊಸಪೇಟೆಯ ಯಾವ ಓಣಿಗೆ ಹೋದರೂ ಇವರು ಸಿಗುತ್ತಾರೆ. ಮಗ ಎಸ್ಸೆಸ್ಸೆಲ್ಸಿಗೆ ಬಂದದ್ದೇ ತಡ, ಇವರೊಳಗೊಂದು ಹುಂಜ ಸೇರಿಕೊಳ್ಳುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಫ್ಯಾನ್ ಆರಿಸಿ, ಲೈಟ್ ಹಾಕಿ, "ಏಳಲೇ, ಮಕ್ಕಂಡ್ರ 625ಕ್ಕ 625 ಬರ್ತಾವೇನ್?" ಎಂದು ಕೂಗುತ್ತಾರೆ. ನಮ್ಮೂರ ಸೆಕೆಗೆ ಫ್ಯಾನ್ ಆರಿಸಿದರೇ ಸಾಕು. ಕೂಗು ಬರೀ ಶಾಸ್ತ್ರಕ್ಕೆ. ಮಗ ಪುಸ್ತಕ ಹಿಡಿದ ಮೇಲೆ ತಾವು "ಹತ್ತೇ ನಿಮಿಷ" ಅಂತ ಅಡ್ಡಾಗಿ ಏಳಕ್ಕೆ ಏಳುತ್ತಾರೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟು ಕೊಚ್ಚಿಹೋಗಿ ನದಿದಂಡೆಯವರೆಲ್ಲ ನಿದ್ದೆಗೆಟ್ಟರು. ಮರುದಿನ ಭಾನುವಾರ. ನಮ್ಮ ಓಣಿಯ ಅಪ್ಪಾಜಿ ನಾಲ್ಕಕ್ಕೇ ಎಬ್ಬಿಸಿದರು: "ಗೇಟ್ ಹೋದ್ರ ಹೋಗ್ಲಿ, ಟೈಮ್‌ಟೇಬಲ್ ಹೋಗಬಾರ್ದು."

ಕಂಪ್ಲಿ ದಾರಿಯಲ್ಲಿ ಮಾಲ್ಯವಂತ ಬೆಟ್ಟ ಕಂಡರೆ ಇವರ ಬೈಕ್ ತಾನೇ ನಿಧಾನವಾಗುತ್ತದೆ. "ರಾಮ ಮಳೆಗಾಲ ಕಳೆದದ್ದು ಇಲ್ಲೇ. ಲಕ್ಷ್ಮಣ ಹದಿನಾಕು ವರ್ಷ ರೆಪ್ಪಿ ಮುಚ್ಚಲಿಲ್ಲ. ನಿನಗ ಒಂದು ವರ್ಷ ಆಗಂಗಿಲ್ಲಾ?"

ಹಿಂದೆ ಕೂತವನು ಆಕಳಿಸಿದ: "ಅವನ ಪಾಲಿನ ನಿದ್ದಿ ಊರ್ಮಿಳಾ ಮಾಡಿದ್ಲಂತ, ಅಪ್ಪಾಜಿ. ನಂದು ಯಾರು ಮಾಡಾಕತ್ಯಾರ?"

ಉತ್ತರ ಅಪ್ಪಾಜಿಯ ಅಂಗಡಿಯ ಗಿರಾಕಿಗಳಿಗೆ ಗೊತ್ತು. ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುವವರು ಯಾರೆಂದು ಅವರು ನೋಡಿದ್ದಾರೆ.

ಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿಯೇ ಸ್ರವಿಸುತ್ತದೆ. ಹತ್ತಕ್ಕೆ ಮಲಗಿಸಿದರೂ ಹನ್ನೊಂದರವರೆಗೆ ಕಣ್ಣು ಹತ್ತದಿರುವುದು ಹುಡುಗನ ಸೊಕ್ಕಲ್ಲ. 13ರಿಂದ 18ರವರಿಗೆ 8ರಿಂದ 10 ತಾಸು ನಿದ್ದೆ ಬೇಕೆನ್ನುತ್ತಾರೆ ನಿದ್ರಾತಜ್ಞರು. ಕ್ಯಾಲಿಫೋರ್ನಿಯಾದಲ್ಲಂತೂ ಬಹುಪಾಲು ಹೈಸ್ಕೂಲುಗಳು ಎಂಟೂವರೆಗೆ ಮುಂಚೆ ಶುರುವಾಗಬಾರದೆಂದು 2022ರಿಂದ ಕಾನೂನೇ ಇದೆ. ಇದನ್ನು ಹೇಳಿದರೆ ಅಪ್ಪಾಜಿ, "ಅವರಿಗೆ ಸಂಡೂರಿನ ನಮ್ಮಣ್ಣನ ಮಗ ಗೊತ್ತಿಲ್ಲ ಬಿಡ್ರಿ. ಮೂರಕ್ಕೇ ಏಳ್ತಾನ" ಅಂದರು.

ಮಗ ಸಿಡುಕುತ್ತಾನೆ, ತಟ್ಟೆ ತಳ್ಳುತ್ತಾನೆ, ಒಮ್ಮೊಮ್ಮೆ ಕಾರಣವಿಲ್ಲದೆ ಅಳುತ್ತಾನೆ. ಅಪ್ಪಾಜಿ ಮೊಬೈಲನ್ನು ಬೈದರು, ಗೆಳೆಯರನ್ನು ಬೈದರು, ಕೊನೆಗೆ ದೃಷ್ಟಿಯನ್ನೂ ತೆಗೆಸಿದರು. ಅಲಾರಾಂ ಮೇಲೆ ಮಾತ್ರ ಅನುಮಾನ ಬರಲಿಲ್ಲ. ದಸರಾ ರಜೆಗೆ ಕಂಪ್ಲಿಯ ಅಜ್ಜಿ ಮನೆಗೆ ಹೋದ ಹುಡುಗ ಎಂಟರವರೆಗೆ ಮಲಗಿ, ಎದ್ದು ವಗ್ಗರಣಿ-ಮಿರ್ಚಿ ತಿಂದು, ಅಜ್ಜಿ ಜೊತೆ ನಕ್ಕು ಹರಟಿ, ಯಾರೂ ಹೇಳದೆ ಗಣಿತದ ಪುಸ್ತಕ ತೆಗೆದ. ಸುದ್ದಿ ತಿಳಿದ ಅಪ್ಪಾಜಿ ತಲೆ ಮೇಲೆ ಕೈಹೊತ್ತರು: "ಮುದುಕಿ ಮುದ್ದು ಮಾಡಿ ಕೆಡಿಸಿಬಿಟ್ಟಾಳ್ರಿ!"

ನಿಮ್ಮ ಓಣಿಯ ಅಪ್ಪಾಜಿ ಸಿಕ್ಕರೆ ಇಷ್ಟು ಹೇಳಿ: ಭಾನುವಾರವಾದರೂ ಹುಡುಗನನ್ನು ಮಲಗಲು ಬಿಡಿ, ರಾತ್ರಿ ಹನ್ನೆರಡರ ತನಕ ನೋಡುವ ರೀಲ್ಸ್‌ಗೆ ಇಯರ್‌ಫೋನ್ ಹಾಕಿಕೊಳ್ಳಿ.